ಅಮ್ಮನ ಮೊಗ ಕಪ್ಪಾಗುವವರೆಗೆ

ಪಿರಿಯಾಪಟ್ಟಣ ತಾಲ್ಲೂಕು
19-6-2023

ಚಿರಂಜೀವಿ ತಹಸೀನಳಿಗೆ ಚಲುವಯ್ಯ ಮಾಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನನ್ನೇ ಮಾಡಬಹುದಿತ್ತು. ಆದರೆ ನನ್ನ ಕಿವಿ ಮಂದವಾದ ಮೇಲೆ ಸೊಸೆ ಪವಿತ್ರ ನನ್ನ ಫೋನಿಗೆ ಸ್ಪೀಕರ್ ಹಾಕಿಟ್ಟಿದ್ದಾಳೆ. ನಾನು ಪುಣೆಗೆ ಮಾತಾಡಿದರೆ ಪುಣೆಗಿಂತ ಮೊದಲು ನಮ್ಮ ಬೀದಿಗೆ ಕೇಳುತ್ತದೆ. ಈಗ ನಾನು ಕೇಳಬೇಕಾದ್ದು ಬೀದಿಗೆ ಕೇಳುವಂಥದ್ದಲ್ಲ.

ವಿಷಯ ನಮ್ಮ ಮಾರಮ್ಮನ ಬೆಳ್ಳಿ ಮೊಗದ್ದು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬರೆಯಲು ಕೂತರೆ ಮೊದಲಿನಿಂದ ಶುರು ಮಾಡುವುದು ನನ್ನ ಚಾಳಿ. ಮೊಗ ಇರುವುದು ನಮ್ಮ ಮನೆಯ ಪೆಟ್ಟಿಗೆಯಲ್ಲಿ. ವರ್ಷಕ್ಕೊಂದು ದಿನ ಅಮ್ಮನಿಗೆ ಅದನ್ನು ತೊಡಿಸುತ್ತೇವೆ. ಹಬ್ಬದ ಹಿಂದಿನ ಸೋಮವಾರ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹುಣಸೂರಿಗೆ, ನಿಮ್ಮಪ್ಪನ ಕಲಾಯಿ ಅಂಗಡಿಗೆ ತರುತ್ತೇನೆ. ನಿಮ್ಮ ತಾತನ ಕಾಲದಿಂದಲೂ ನಿಮ್ಮ ಮನೆಯವರ ಕೈ ಬೀಳದೆ ಆ ಮೊಗ ಗುಡಿ ಹೊಕ್ಕಿಲ್ಲ. ಹುಣಸೆಹಣ್ಣು ಹಚ್ಚಿದ ಗಳಿಗೆಯಿಂದ ಕೆಲಸ ಮುಗಿಯುವವರೆಗೆ ಮೊಗ ತಂದವನು ಅಂಗಡಿ ಬಿಟ್ಟು ಏಳಬಾರದು ಅನ್ನುವುದು ಕಟ್ಟಳೆ. ಕೆಲಸ ಒಂದು ಗಂಟೆಯದು. ನಿಮ್ಮಪ್ಪ ಅದನ್ನು ಸಂಜೆವರೆಗೆ ಎಳೆಯುತ್ತಾನೆ. ಅವತ್ತು ನಿಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ನಿಮ್ಮಮ್ಮ ಶ್ಯಾವಿಗೆ ಪಾಯಸ ಮಾಡುತ್ತಾಳೆ. ನಾನು ತಿಂದು, ಮಾತಾಡಿ, ಕೊನೆ ಬಸ್ಸಿಗೆ ಮೊಗದ ಜೊತೆ ವಾಪಸು ಬರುತ್ತೇನೆ.

ಈ ವರ್ಷ ನೀನು ರಜಕ್ಕೆ ಬಂದಿದ್ದೆ. ಇನ್ನು ಮೇಲೆ ಕಪ್ಪಾಗದ ಹಾಗೆ ಮಾಡುತ್ತೇನೆ ಎಂದು ಉಜ್ಜಿದ ಮೊಗವನ್ನು ಬೇಸನ್ನಿನಲ್ಲಿ ಏನೋ ನೀರಿಗೆ ಅದ್ದಿದೆ. ಆ ಬಾಟಲಿ ಮುಚ್ಚಳ ತೆಗೆದಾಗ ಬಂದ ವಾಸನೆಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಪಕ್ಕದ ಬೇಕರಿಯವನು ಗ್ಯಾಸ್ ಸೋರುತ್ತಿದೆ ಎಂದು ಮೇನ್ ಸ್ವಿಚ್ ಆಫ್ ಮಾಡಿ, ಬೆಂದಿದ್ದ ಬನ್ನುಗಳನ್ನು ಬಿಟ್ಟು ರಸ್ತೆಗೆ ಓಡಿದ್ದ. ಅದಾದ ಮೇಲೆ ನಡೆದದ್ದು ನೀನು ಒಳಗೆ ಕೈ ತೊಳೆಯಲು ಹೋದಾಗ. ನಿಮ್ಮಪ್ಪನಿಗೆ ಮಗಳ ಹೆಮ್ಮೆ ನೆತ್ತಿಗೇರಿತ್ತು. ಅವತ್ತು ನನ್ನ ಜೊತೆ ಬಂದಿದ್ದ ನಮ್ಮೂರ ಯಜಮಾನ ಪುಟ್ಟಮಲ್ಲಪ್ಪನವರ ಎದುರಿಗೇ ಅಂದ: “ನನ್ ಮಗಳು ಮಾಡಿರೋ ಕೆಲ್ಸ ಇದು. ಮೊಗ ಕಪ್ಪಾಗೋಗಂಟ ನೀನು ಈ ಅಂಗ್ಡಿ ಮೆಟ್ಲು ಅತ್ತೋದು ಬ್ಯಾಡ ಕಣ್ಲಾ.” ನಾನೂ ಜಂಬಕ್ಕೆ, “ಆಗ್ಲಿ, ಅತ್ತಾಕಿಲ್ಲ ಬುಡು” ಎಂದೆ. ತಮಾಷೆಗೆ ಆಡಿದ್ದು. ಆದರೆ ಯಜಮಾನರು “ಇಬ್ರೂ ಮಾತ್ಗೆ ತಪ್ಪಬ್ಯಾಡಿ” ಎಂದು ತಲೆಯಾಡಿಸಿಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಾಗಾಗಿ ಕೇಳುವುದು ಇಷ್ಟೆ. ಆ ಬೆಳ್ಳಿಯ ಮೇಲೆ ನೀನು ಕೂರಿಸಿದ್ದು ಏನು? ಅದು ಯಾವ ಯಾವುದರಿಂದ ಹಾಳಾಗುತ್ತದೆ? ಜೋಪಾನ ಮಾಡಲು ಕೇಳುತ್ತಿದ್ದೇನೆ.

ಇಂತಿ ನಿನ್ನ ಮಾಮ,
ಚಲುವಯ್ಯ

ನಿಮ್ಮಪ್ಪನಿಗೆ ಈ ಕಾಗದದ ವಿಷಯ ಬೇಡ.


ಪುಣೆ
3-7-2023

ಪ್ರೀತಿಯ ಚಲುವಯ್ಯ ಮಾಮನಿಗೆ ತಹಸೀನಳ ಸಲಾಮ್.

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ. ನನ್ನ ಸಂಶೋಧನೆಯ ಬಗ್ಗೆ ತಾವಾಗಿ ಕೇಳಿದ ಮೊದಲ ಮನುಷ್ಯ ನೀವು. ಅಮ್ಮಿ ಕೇಳುವುದು ಊಟ ಆಯ್ತಾ ಅಂತ. ಅಬ್ಬಾ ಕೇಳುವುದು ಮುಗಿಯೋದು ಯಾವಾಗ ಅಂತ.

ನಾನು ಕೂರಿಸಿದ್ದು ಒಂದು ಪದರ, ಒಂದೇ ಒಂದು ಅಣುವಿನಷ್ಟು ದಪ್ಪದ್ದು. ತಲೆಗೂದಲಿನ ದಪ್ಪ ಬರಬೇಕಾದರೆ ಇಂಥ ಪದರಗಳನ್ನು ಸಾವಿರಗಟ್ಟಲೆ ಪೇರಿಸಬೇಕು. ಆ ಅಣು ಉದ್ದನೆಯ ದಾರದಂಥದ್ದು. ಒಂದು ತುದಿಯಲ್ಲಿ ಗಂಧಕ, ಮಿಕ್ಕಿದ್ದೆಲ್ಲ ಎಣ್ಣೆಯ ಸ್ವಭಾವ. ಗಂಧಕಕ್ಕೆ ಬೆಳ್ಳಿ ಕಂಡರೆ ಪ್ರಾಣ. ಗಾಳಿಯ ಗಂಧಕ ಬಂದು ತಗುಲಿಕೊಂಡೇ ಬೆಳ್ಳಿ ಕಪ್ಪಾಗುವುದು. ನಾನು ಮಾಡಿದ್ದು ಅದಕ್ಕಿಂತ ಮೊದಲು ನನ್ನ ಅಣುಗಳನ್ನು ಬೆಳ್ಳಿಯ ಮೇಲೆ ನಿಲ್ಲಿಸಿದ್ದು, ಅಷ್ಟೆ. ನಿಲ್ಲಿಸಿದ್ದು ಅನ್ನುವುದೂ ಸುಳ್ಳು. ಅವು ತಾವೇ ಬಂದು, ತಾವೇ ಸಾಲುಗಟ್ಟಿ ನಿಲ್ಲುತ್ತವೆ. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಹುಣಸೂರಿನಿಂದ ಮೈಸೂರಿಗೆ ಹೊರಡುವ ಬಸ್ಸು ನೋಡಿದ್ದೀರಲ್ಲ, ಕಂಬಿ ಹಿಡಿಯದೆಯೂ ಯಾರೂ ಬೀಳುವುದಿಲ್ಲ, ಬೀಳಲು ಜಾಗವೇ ಇರುವುದಿಲ್ಲ. ನನ್ನ ಪದರವೂ ಹಾಗೇ, ಒತ್ತಾಗಿ ನಿಂತಿರುವಷ್ಟು ಕಾಲ ಗಟ್ಟಿ. ಎಲ್ಲೋ ನಾಲ್ಕು ಜನ ಇಳಿದು ಸಂದಿ ಬಿತ್ತೆಂದರೆ ಮಿಕ್ಕವರು ತೂರಾಡಲು ಶುರು. ಬೇರೆಯವರ ಅಣುಗಳು ಒಂದು ಕಾಲಿನ ಮೇಲೆ ನಿಲ್ಲುತ್ತವೆ. ನನ್ನವಕ್ಕೆ ಎರಡು ಕಾಲು. ಅದೇ ನನ್ನ ಪಿಎಚ್‌.ಡಿ.

ಹಾಳಾಗುವುದು ಯಾವುದರಿಂದ ಎಂದರೆ, ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ತುಂಬ ಹೊತ್ತು ಇಟ್ಟರೆ ಕಾಲು ಕೀಳುತ್ತವೆ. ದಿನಗಟ್ಟಲೆ ಸುಡು ಬಿಸಿಲಿಗಿಟ್ಟರೂ ಕಷ್ಟ. ಎಲ್ಲಕ್ಕಿಂತ ದೊಡ್ಡ ಶತ್ರು ಬೂದಿ, ತೆಂಗಿನ ನಾರು ಮತ್ತು ಅಬ್ಬಾನ ಕೈ. ಉಜ್ಜಿದರೆ ಮುಗಿಯಿತು. ಪರೀಕ್ಷೆ ಮಾಡುವುದು ಸುಲಭ, ಒಂದು ಹನಿ ನೀರು ಬಿಡಿ. ಕೆಸವಿನ ಎಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತರೆ ಪದರ ಇದೆ. ಹರಡಿಕೊಂಡರೆ ಇಲ್ಲ.

ಮುಂದಿನ ವರ್ಷ ಹಬ್ಬ ಮುಗಿದ ಮೇಲೆ ಬಂದು ಸರಿಯಾಗಿ ಅಳೆಯುತ್ತೇನೆ. ನಮ್ಮ ಗೈಡ್‌ಗೆ ಲ್ಯಾಬಿನ ಹೊರಗೆ ಒಂದು ವರ್ಷ ಬಾಳಿದ ನಮೂನೆ ಬೇಕಂತೆ. ನಿಮ್ಮ ಕೈಯಲ್ಲಿರುವುದರಿಂದ ನಾನು ನಿಶ್ಚಿಂತೆ.

ನಿಮ್ಮ,
ತಹಸೀನ್


ಪಿರಿಯಾಪಟ್ಟಣ ತಾಲ್ಲೂಕು
11-9-2023

ಚಿರಂಜೀವಿ ತಹಸೀನಳಿಗೆ ಆಶೀರ್ವಾದಗಳು.

ನಿನ್ನ ವಿವರಣೆ ಚೆನ್ನಾಗಿ ತಿಳಿಯಿತು. ಆ ಬಸ್ಸಿನಲ್ಲಿ ನಾನೂ ನಿಂತಿದ್ದೇನೆ. ಈಗ ನಮ್ಮೂರಿನ ಒಬ್ಬರಿಗೆ ನಿನ್ನ ವಿದ್ಯೆಯಲ್ಲಿ ವಿಪರೀತ ಆಸಕ್ತಿ ಹುಟ್ಟಿದೆ. ಅವರ ಪರವಾಗಿ ಕೆಲವು ಸಂದೇಹ ಬರೆಯುತ್ತಿದ್ದೇನೆ.

ಇದು ಹೊಗೆಸೊಪ್ಪು ಬೇಯಿಸುವ ಕಾಲ. ಅಕಸ್ಮಾತ್ ಯಾರಾದರೂ ಮೊಗವನ್ನು ಹೊಗೆಸೊಪ್ಪಿನ ಬ್ಯಾರನ್ನಿನ ಬಿಸಿ ಕೋಣೆಯೊಳಗೆ, ಸೊಪ್ಪು ಕಟ್ಟುವ ಮೇಲಿನ ಅಡ್ಡೆಯಲ್ಲಿ, ಒಂದು ಹಗಲು ಒಂದು ರಾತ್ರಿ ನೇತು ಹಾಕಿದರೆ ಏನಾಗಬಹುದು? ಅವರು ನೋಡಿದ ಪ್ರಕಾರ ಏನೂ ಆಗುವುದಿಲ್ಲ. ಮೊಗಕ್ಕೆ ಸೊಪ್ಪಿನ ವಾಸನೆ ಹತ್ತಿತು. ನೀರಿನ ಹನಿ ಮಾತ್ರ ಗುಂಡಗೇ ಇತ್ತು.

ಎರಡನೆಯದು. ಮೊಟ್ಟೆ ತಿಂದ ಬೆಳ್ಳಿ ಚಮಚ ಕಪ್ಪಾಗುತ್ತದೆ ಎಂದು ಅವರು ಎಲ್ಲೋ ಕೇಳಿದ್ದರು. ಆದ್ದರಿಂದ ಮೊಟ್ಟೆ ಬೇಯಿಸಿ, ಸುಲಿದು, ಒಡೆದು, ಪೆಟ್ಟಿಗೆಯಲ್ಲಿ ಮೊಗದ ಪಕ್ಕ ಒಂದು ವಾರ ಇಟ್ಟರು. ಅಮ್ಮ ಕೋಳಿಯನ್ನೇ ಸ್ವೀಕರಿಸುವವಳು, ಮೊಟ್ಟೆಗೆ ಮುನಿಯುವುದಿಲ್ಲ ಎಂದು ಅವರ ಧೈರ್ಯ. ಮುನಿದವಳು ನನ್ನ ಸೊಸೆ. ಎಲ್ಲೋ ಇಲಿ ಸತ್ತಿದೆ ಎಂದು ಅಟ್ಟ, ಕಣಜ, ನನ್ನ ಹಾಸಿಗೆ ಎಲ್ಲ ಹೊರಗೆ ಹಾಕಿ ಮನೆ ತೊಳೆದಳು. ಪೆಟ್ಟಿಗೆ ಮುಟ್ಟುವ ಹಾಗಿಲ್ಲವಾದ್ದರಿಂದ ಅವರು, ಅಂದರೆ ಆ ಒಬ್ಬರು, ಬಚಾವಾದರು. ಮೊಗ ಮಾತ್ರ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಹಾಳು ಹನಿ ಮತ್ತೆ ಗುಂಡಗೆ.

ಬಿಸಿಲಿಗಿಡೋಣವೆಂದರೆ ಮೋಡ ಬಿಟ್ಟುಕೊಡುತ್ತಿಲ್ಲ. ಆ ಎರಡು ಕಾಲುಗಳಲ್ಲಿ ಒಂದನ್ನಾದರೂ ಎತ್ತಿಸುವ ಉಪಾಯ ಏನಾದರೂ ಇದೆಯಾ ಎಂದು ಅವರು ಕೇಳುತ್ತಿದ್ದಾರೆ. ತಿಳಿದುಕೊಳ್ಳುವ ಆಸೆಯಷ್ಟೆ.

ಇಂತಿ,
ಚಲುವಯ್ಯ


ಹುಣಸೂರು
8-10-2023

ಕಣ್ಣಿನ ಬೆಳಕು ತಹಸೀನಳಿಗೆ ಅಬ್ಬಾನ ದುವಾ.

ಫೋನಿನಲ್ಲಿ ನಿಮ್ಮಮ್ಮ ಜೀನತುನ್ನೀಸಾ ನನ್ನ ಸರದಿ ಬರಲು ಬಿಡುವುದಿಲ್ಲ. ನೀನು ತಿಂದ ಚಪಾತಿಯ ಲೆಕ್ಕ ಮುಗಿಯುವ ಹೊತ್ತಿಗೆ ನಿನಗೆ ಲ್ಯಾಬಿಗೆ ಹೊತ್ತಾಗಿರುತ್ತದೆ. ಅದಕ್ಕೇ ಕಾಗದ.

ಅಂಗಡಿ ನಡೆಯುತ್ತಿದೆ. ಕಲಾಯಿಗೆ ಪಾತ್ರೆ ಬರುವುದು ಕಡಿಮೆ, ಹಿತ್ತಾಳೆ ಪಾಲಿಶ್ ಇದೆ. ಬರೆಯಬೇಕೆಂದುಕೊಂಡದ್ದು ಬೇರೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಚಲುವಯ್ಯನನ್ನು ನೋಡಿದೆ. ಇಷ್ಟು ವರ್ಷದಲ್ಲಿ ಅವನು ಹುಣಸೂರಿಗೆ ಬಂದು ನಮ್ಮ ಅಂಗಡಿ ಕಡೆ ತಲೆ ಹಾಕದೆ ಹೋದದ್ದಿಲ್ಲ, ಮೊಗದ ದಿನ ಬಿಟ್ಟರೂ ಗೊಬ್ಬರ, ಕೋರ್ಟು, ಹಲ್ಲುನೋವು ಏನಾದರೊಂದು ಇರುತ್ತಿತ್ತು. ಈಗ ಹಲ್ಲನ್ನು ಪಿರಿಯಾಪಟ್ಟಣದಲ್ಲೇ ಕೀಳಿಸಿಕೊಂಡನಂತೆ. ನನ್ನನ್ನು ಕಂಡವನೇ ತಿರುಗಿ ನಿಂತು ಪಕ್ಕದ ಬಸ್ಸಿನ ಬೋರ್ಡನ್ನು ಓದತೊಡಗಿದ. ಅದು ಕೇರಳದ ಬಸ್ಸು. ಮಲಯಾಳದಲ್ಲಿ ಬರೆದ ಬೋರ್ಡನ್ನು ಬಸ್ಸು ಹೊರಡುವವರೆಗೂ ಓದಿದ. ನಾನೂ ಕಮ್ಮಿಯಿಲ್ಲ. ಪರಿಚಯವೇ ಇಲ್ಲದವನೊಬ್ಬನ ಹೆಗಲ ಮೇಲೆ ಕೈ ಹಾಕಿ ಅವನ ಮಕ್ಕಳ ಯೋಗಕ್ಷೇಮ ವಿಚಾರಿಸಿದೆ. ಅವನು ಹೆದರಿ ಬ್ಯಾಗನ್ನು ಎದೆಗೆ ಒತ್ತಿಕೊಂಡ.

ನಿಮ್ಮಮ್ಮ ಹೇಳುತ್ತಾಳೆ, ನೀವೇ ಹೋಗಿ ಕರೆದುಕೊಂಡು ಬನ್ನಿ, ಗಂಟೇನು ಹೋಗುತ್ತೆ ಅಂತ. ಹೆಂಗಸರಿಗೆ ಸುಲಭ. ಯಜಮಾನರ ಎದುರು, ಇಡೀ ಬಜಾರಿನ ಎದುರು ಆಡಿದ ಮಾತನ್ನು ನಾನು ಹೇಗೆ ನುಂಗಲಿ? ನುಂಗಿದರೆ ನನ್ನ ಮಗಳ ಕೆಲಸದ ಮೇಲೆ ನನಗೇ ನಂಬಿಕೆ ಇಲ್ಲ ಎಂದಾಗುವುದಿಲ್ಲವೆ?

ಆದ್ದರಿಂದ ಒಂದು ಮಾತು. ನಿನ್ನ ಕೆಲಸ ಕೆಡಲಿ ಎಂದು ನಾನು ಬಯಸುವವನಲ್ಲ, ತೋಬಾ. ಆದರೂ ಆ ಪದರ ಇನ್ನೆಷ್ಟು ಕಾಲ ಇರುತ್ತದೆ? ಮೂಗುತಿಯ ಹತ್ತಿರ, ಸಣ್ಣದಾಗಿ, ಸಾಸಿವೆ ಕಾಳಿನಷ್ಟು ಕಪ್ಪಾದರೆ ವಿಜ್ಞಾನಕ್ಕೆ ಏನಾದರೂ ತೊಂದರೆಯಾ?

ನಿನ್ನ ಅಬ್ಬಾ,
ಅಬ್ದುಲ್ ರಹಮಾನ್


ಪುಣೆ
2-11-2023

ಚಲುವಯ್ಯ ಮಾಮನಿಗೆ ಸಲಾಮ್.

ನಿಮ್ಮ ಕಾಗದವನ್ನೂ ಇನ್ನೊಬ್ಬರ ಕಾಗದವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದೆ. ಎರಡರಲ್ಲೂ ಒಂದೇ ಪ್ರಶ್ನೆ. ಮೊಟ್ಟೆ ಬೇಯಿಸಿದ ಆ ಒಬ್ಬರು ಯಾರೆಂದು ತಿಳಿಯಲು ಪಿಎಚ್‌.ಡಿ. ಬೇಕಾಗಿಲ್ಲ.

ಮಾಮ, ನಾನು ಮೊದಲ ಸಲವೇ ಬಿಡಿಸಿ ಹೇಳಬೇಕಿತ್ತು. ನನ್ನ ಫೆಲೋಶಿಪ್ ಮುಂದಿನ ಜೂನಿಗೆ ಮುಗಿಯುತ್ತದೆ. ಪ್ರಬಂಧದ ಕೊನೆಯ ಅಧ್ಯಾಯ ನಿಮ್ಮ ಪೆಟ್ಟಿಗೆಯಲ್ಲಿದೆ. ಲ್ಯಾಬಿನ ಗಾಜಿನ ಡಬ್ಬಿಯಲ್ಲಿ ಪದರ ಬಾಳುವುದು ದೊಡ್ಡ ವಿಷಯವಲ್ಲ. ಜನ ಮುಟ್ಟುವ, ಅರಿಶಿನ ಹಚ್ಚುವ, ಧೂಪ ಹಾಕುವ ಜಾಗದಲ್ಲಿ ಒಂದು ವರ್ಷ ಬಾಳಿತು ಎಂದು ತೋರಿಸಿದರೆ ಮಾತ್ರ ನನ್ನ ಎರಡು ಕಾಲಿನ ಅಣುವಿಗೆ ಬೆಲೆ. ಅದಿಲ್ಲದಿದ್ದರೆ ನಾಲ್ಕು ವರ್ಷದ ಕೆಲಸ ಅರ್ಧಕ್ಕೆ ನಿಂತ ಹಾಗೆ. ನೀವು ಬ್ಯಾರನ್ನಿನಲ್ಲಿ ನೇತು ಹಾಕಿದ್ದು ಬರೀ ಮೊಗವನ್ನಲ್ಲ.

ನಿಮಗೆ ಹುಣಸೂರಿಗೆ ಹೋಗಬೇಕೆನಿಸಿದರೆ ಹೋಗಿ. ಬೆಳ್ಳಿಯನ್ನು ಯಾಕೆ ಕೇಳಬೇಕು? ಅಬ್ಬಾ ಬೈಯುವುದಿಲ್ಲ. ಬೈದರೂ ಅಮ್ಮಿ ಟೀ ಕೊಡುತ್ತಾಳೆ.

ನನಗೆ ಸಿಟ್ಟು ಬಂದಿದೆ. ಇನ್ನೊಮ್ಮೆ ಮೊಟ್ಟೆ ಎಂದರೆ ಪವಿತ್ರಕ್ಕನಿಗೆ ಫೋನ್ ಮಾಡುತ್ತೇನೆ.

ತಹಸೀನ್


ಪಿರಿಯಾಪಟ್ಟಣ ತಾಲ್ಲೂಕು
16-1-2024

ಕೂಸು ತಹಸೀನಳಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ನಾಚಿಕೆಯಿಂದ ಬರೆಯಲಿಲ್ಲ. ಪೆಟ್ಟಿಗೆಯನ್ನು ತೊಳೆದು, ಬೇವಿನ ಎಲೆ ಹಾಸಿ, ಮೊಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಆಣೆ ಮಾಡಿ ಹೇಳುತ್ತೇನೆ, ನೀನು ಬರುವವರೆಗೆ ಅದರ ತಂಟೆಗೆ ಹೋಗುವುದಿಲ್ಲ. ನಿನ್ನ ಓದಿಗೆ ಅಡ್ಡ ಬಂದ ಪಾಪ ನನಗೆ ಬೇಡ.

ಸುಮ್ಮನೆ ಹೋಗಿ ಬನ್ನಿ ಎಂದು ಬರೆದಿದ್ದೀಯ. ನಿನ್ನ ಕಾಲದವರು ಸುಮ್ಮನೆ ಹೋಗುತ್ತಾರೆ. ನಾವು ಹಾಗಲ್ಲ. ನಾನು ನಿಮ್ಮಪ್ಪನ ಅಂಗಡಿಗೆ ಒಮ್ಮೆಯೂ ಅವನನ್ನು ನೋಡಲು ಬಂದೆ ಎಂದು ಹೇಳಿ ಹೋದವನಲ್ಲ. ಗೊಬ್ಬರ ತರಲು ಬಂದೆ ಎಂದೆ, ಬಸ್ಸು ತಪ್ಪಿತು ಎಂದೆ. ನಮ್ಮ ಅಪ್ಪ ತೀರಿಕೊಂಡ ಮೇಲೆ ಅವನು ನಮ್ಮ ಮನೆಗೆ ಬಂದಾಗ ಏನೆಂದ ಗೊತ್ತಾ? “ಈ ಕಡೆ ಅಂಡೆ ಕಲಾಯಿ ಇತ್ತು, ಅಂಗೇ ಬಂದೆ” ಎಂದ. ಸ್ನಾನಕ್ಕೆ ನೀರು ಕಾಯಿಸುವ ಹಂಡೆಗೆ ಯಾರಾದರೂ ಕಲಾಯಿ ಹಾಕಿಸುತ್ತಾರಾ? ಮೂರು ದಿನ ಇದ್ದು ಹೋದ. ನಮ್ಮಿಬ್ಬರ ನಡುವೆ ಯಾವತ್ತೂ ಏನಾದರೊಂದು ಪಾತ್ರೆ ಇರುತ್ತಿತ್ತು. ಈಗ ಇಲ್ಲ. ಕೈ ಬೀಸಿಕೊಂಡು ಹೋಗಿ ಆ ಮೆಟ್ಟಿಲ ಕೆಳಗೆ ನಿಂತು ನಾನು ಏನು ಹೇಳಲಿ?

ನನಗೆ ಅವನನ್ನು ನೋಡಬೇಕು ಅನ್ನಿಸುತ್ತದೆ. ಮೊಟ್ಟೆ ಬೇಯಿಸಿದ್ದೂ ಅದಕ್ಕೇ. ನಿನಗೆ ಬರೆದಿದ್ದೇನೆ, ಅವನಿಗೆ ಹೇಳಬೇಡ. ಸಂಕ್ರಾಂತಿಯ ಎಳ್ಳುಬೆಲ್ಲ ಇದರ ಜೊತೆ ಇಟ್ಟಿದ್ದೇನೆ, ಪುಡಿಯಾಗಿದ್ದರೆ ಅಂಚೆಯವರ ತಪ್ಪು.

ಇಂತಿ ನಿನ್ನ ಮಾಮ,
ಚಲುವಯ್ಯ


ಹುಣಸೂರು
30-4-2024

ತಹಸೀನ್ ಬೇಟಿಗೆ ಅಬ್ಬಾನ ದುವಾ.

ಈ ಕಾಗದವನ್ನು ಕೂತುಕೊಂಡು ಓದು. ಊಟ ಮಾಡಿ ಓದು.

ನಿನ್ನೆ ಹಬ್ಬದ ಹಿಂದಿನ ಸೋಮವಾರ. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೂ ಬೇಗ ಅಂಗಡಿ ತೆಗೆದೆ. ಕೈ ಸುಮ್ಮನಿರದೆ ಹುಣಸೆಹಣ್ಣು ನೆನೆ ಹಾಕಿತು. ಹತ್ತು ಗಂಟೆಯ ಹೊತ್ತಿಗೆ ತಲೆಯೆತ್ತಿದರೆ ರಸ್ತೆಯಲ್ಲಿ ಚಲುವಯ್ಯ. ಹೊಸ ಅಂಗಿ, ಎದೆಗೆ ಅವುಚಿಕೊಂಡ ಟವೆಲಿನ ಗಂಟು, ಪಕ್ಕದಲ್ಲಿ ಯಜಮಾನ ಪುಟ್ಟಮಲ್ಲಪ್ಪನವರು. ಅವನು ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು, ನೆಲ ನೋಡುತ್ತ, “ಕಪ್ಪಾಗೈತೆ” ಎಂದ.

ಟವೆಲು ಬಿಚ್ಚಿದ. ಬೇಟಿ, ಆ ಮೊಗ ಬಿಸಿಲಿಗೆ ಹೊಳೆದ ಹೊಳಪಿಗೆ ಪಕ್ಕದ ಬೇಕರಿಯವನು ಕಣ್ಣಿಗೆ ಕೈ ಅಡ್ಡ ಹಿಡಿದ. ನಾನು ಉಜ್ಜಿ ಕೊಟ್ಟ ದಿನವೂ ಅದು ಅಷ್ಟು ಬೆಳ್ಳಗಿರಲಿಲ್ಲ. ಯಜಮಾನರು ಯಾವ ಕಡೆಯೂ ಸೇರದೆ, “ನಂಗೆ ಕಣ್ ಪೊರೆ ಬಂದ್ ಮ್ಯಾಲೆ ಎಲ್ಲಾ ಕಪ್ಪಾಗೇ ಕಾಣ್ತದೆ” ಎಂದರು. ಚಲುವಯ್ಯ ಅವರನ್ನು ಆರಿಸಿ ಕರೆದುಕೊಂಡು ಬಂದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಒಂದು ಕಡೆ ನೀನು, ಇನ್ನೊಂದು ಕಡೆ ಅವನು. ನಿನ್ನ ಕೆಲಸವನ್ನು ನಾನು ಸುಳ್ಳು ಮಾಡಿದ್ದು ಅದೊಂದೇ ಸಲ. ನಾನೂ ಬಗ್ಗಿ, ಚೆನ್ನಾಗಿ ನೋಡಿ, ಬಜಾರಿಗೆಲ್ಲ ಕೇಳುವ ಹಾಗೆ ಅಂದೆ: “ಊಂ ಕಣ್ಲಾ, ಕಪ್ಪಾಗೈತೆ. ಅತ್ ಬಾ ಮ್ಯಾಕೆ.”

ಅವನು ಹತ್ತಿ ಬಂದು ತನ್ನ ಜಾಗದಲ್ಲಿ ಕೂತ. ಕಪ್ಪಾಗಿದೆ ಎಂದ ಮೇಲೆ ಉಜ್ಜದೆ ಬಿಡುವ ಹಾಗಿಲ್ಲವಲ್ಲ. ಹುಣಸೆಹಣ್ಣು ಹಚ್ಚಿದೆ, ಬೂದಿ ತೆಗೆದುಕೊಂಡೆ, ನಾರು ತೆಗೆದುಕೊಂಡೆ. ನಿನ್ನ ಪದರ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಕೈ ನಿಲ್ಲಿಸಿದ್ದರೆ ಕೆಲಸ ಮುಗಿಯಿತು ಎಂದಾಗುತ್ತಿತ್ತು, ಅವನು ಎದ್ದು ಹೋಗಬೇಕಾಗುತ್ತಿತ್ತು. ಅದಕ್ಕೇ ಉಜ್ಜುತ್ತಲೇ ಹೋದೆ. ಯಜಮಾನರು ಬೇಕರಿಯ ಬೆಂಚಿನ ಮೇಲೆ ನಿದ್ದೆ ಮಾಡಿದರು. ನಿಮ್ಮಮ್ಮ ಪಾಯಸ ತಂದಳು, ಚಲುವಯ್ಯ ಮೂರು ಸಲ ಹಾಕಿಸಿಕೊಂಡ. ಒಂದು ವರ್ಷದ ಮಾತು ಬಾಕಿ ಇತ್ತು. ಅವನ ಕೀಳಿಸಿದ ಹಲ್ಲು, ನನ್ನ ಮೊಣಕಾಲು, ಮಲಯಾಳದ ಬೋರ್ಡು ಎಲ್ಲ ಬಂತು. ಬೋರ್ಡಿನಲ್ಲಿ ಏನು ಬರೆದಿತ್ತು ಎಂದು ಕೇಳಿದೆ. ಮಾನಂದವಾಡಿ ಇರಬೇಕು ಎಂದ.

ಸಂಜೆ ಮೊಗ ಒರೆಸಿ ಒಂದು ಹನಿ ನೀರು ಬಿಟ್ಟೆ. ಹರಡಿಕೊಂಡಿತು. ಆಗ ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು, “ಕೂಸಿನ ಪರೀಕ್ಸೆ ಕಳೆದ್ಬುಟ್ವಲ್ಲೋ” ಎಂದ. ನೀನು ಏನು ಬೇಕಾದರೂ ಬೈ. ಫೋನಿನಲ್ಲಾದರೆ ನಿಮ್ಮಮ್ಮ ನಿನ್ನ ಪರವಾಗಿ ಈಗಾಗಲೇ ಬೈದದ್ದು ನಿನಗೂ ಕೇಳುತ್ತದೆ.

ನಿನ್ನ ಅಬ್ಬಾ,
ಅಬ್ದುಲ್ ರಹಮಾನ್


ಪುಣೆ
10-5-2024

ಅಬ್ಬಾ ಮತ್ತು ಚಲುವಯ್ಯ ಮಾಮ ಇಬ್ಬರಿಗೂ,

ಒಂದೇ ಕಾಗದ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಒಟ್ಟಿಗೆ ಕೂತು ಓದಬೇಕು.

ಮೊದಲ ದಿನ ನಾನು ಲ್ಯಾಬಿನ ಬಾತ್‌ರೂಮಿನಲ್ಲಿ ಅತ್ತೆ. ಎರಡನೇ ದಿನ ಗೈಡ್ ಹತ್ತಿರ ಹೋಗಿ ನಮೂನೆ ಹಾಳಾಯಿತು ಎಂದೆ. ಪದರ ತಾನಾಗಿ ಬಿಟ್ಟಿತೇ ಎಂದು ಕೇಳಿದರು. ಇಲ್ಲ, ಬೂದಿ ಹಾಕಿ ಉಜ್ಜಿದರು ಎಂದೆ. ಯಾಕೆ ಎಂದರು. ಕಪ್ಪಾಗಿರಲಿಲ್ಲ, ಅದಕ್ಕೆ ಎಂದೆ. ಅವರು ಕನ್ನಡಕ ತೆಗೆದಿಟ್ಟರು. ಕಥೆಯನ್ನೆಲ್ಲ ಹೇಳಿದ ಮೇಲೆ ತುಂಬ ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದರು. ನಗುತ್ತಿದ್ದರು ಎಂದು ಭುಜ ನೋಡಿ ಗೊತ್ತಾಯಿತು. ನನಗೆ ಇನ್ನೂ ನಗು ಬಂದಿಲ್ಲ. ಡಿಸೆಂಬರ್ ವರೆಗೆ ಕಾಲ ಕೊಡಿಸಿದ್ದಾರೆ, ಜೂನ್ ಆದ ಮೇಲೆ ಫೆಲೋಶಿಪ್ ಇಲ್ಲ. ಆರು ತಿಂಗಳು ಟ್ಯೂಷನ್ ಹೇಳಿಕೊಂಡು ಇರಬೇಕು. ಇದು ನೀವಿಬ್ಬರೂ ಮಾಡಿದ್ದು. ನನಗೆ ನಿಮ್ಮ ಮೇಲೆ ನಿಜವಾಗಿ ಸಿಟ್ಟಿದೆ, ಬೇಗ ಇಳಿಯುವ ಸಿಟ್ಟಲ್ಲ.

ಈಗ ದಂಡ. ಒಂದು ವರ್ಷದ ನಮೂನೆಗೆ ಹೊತ್ತಿಲ್ಲವಾದ್ದರಿಂದ ಇನ್ನೂ ಕಠಿಣ ಜಾಗದಲ್ಲಿ ಆರು ತಿಂಗಳು ಬಾಳಿದ್ದನ್ನು ತೋರಿಸಿದರೆ ಸಾಕು ಎಂದಿದ್ದಾರೆ. ಬೆಳ್ಳಿಗೆ ಮನುಷ್ಯನ ಬೆವರಿಗಿಂತ ಕಠಿಣವಾದದ್ದು ಇಲ್ಲ. ಮಾಮ, ನಿಮ್ಮ ಸೊಂಟದಲ್ಲಿ ಬೆಳ್ಳಿ ಉಡಿದಾರ ಇದೆ. ಮುಂದಿನ ವಾರ ಬಂದು ಅದರ ಅರ್ಧಕ್ಕೆ ಪದರ ಕೂರಿಸುತ್ತೇನೆ, ಇನ್ನರ್ಧ ಹಾಗೇ. ಬೇಕರಿಯವನಿಗೆ ಮೊದಲೇ ಹೇಳಿಡಿ.

ಪ್ರತಿ ತಿಂಗಳ ಮೊದಲ ಸೋಮವಾರ ಮಾಮ ಹುಣಸೂರಿಗೆ ಬಂದು ಉಡಿದಾರ ಬಿಚ್ಚಿ ಕೊಡಬೇಕು. ಅಬ್ಬಾ ಹನಿ ಬಿಟ್ಟು ಫೋಟೋ ಕಳಿಸಬೇಕು, ಉಜ್ಜುವ ಹಾಗಿಲ್ಲ. ಹನಿ ತಾನಾಗಿ ಒಣಗಿದ ಮೇಲೆ ಕಲೆ ಉಳಿದಿದೆಯೇ ಎಂದು ನೋಡಬೇಕು. ಅದು ಒಣಗುವವರೆಗೆ ಯಾರೂ ಎದ್ದು ಹೋಗುವಂತಿಲ್ಲ.

ಅಮ್ಮನ ಮೊಗಕ್ಕೆ ನಾನು ಇನ್ನು ಕೈ ಹಾಕುವುದಿಲ್ಲ. ಅದು ತನ್ನ ಪಾಡಿಗೆ ಕಪ್ಪಾಗಲಿ.

ನಿಮ್ಮ ಮಗಳು,
ತಹಸೀನ್


ಪಿರಿಯಾಪಟ್ಟಣ ತಾಲ್ಲೂಕು
2-7-2024

ಚಿರಂಜೀವಿ ತಹಸೀನಳಿಗೆ ಮಾಮನ ಆಶೀರ್ವಾದಗಳು.

ನಿನ್ನೆ ಎರಡನೆಯ ತಪಾಸಣೆ ನಡೆಯಿತು, ಫೋಟೋ ಬಂದಿರಬೇಕು. ನಿನ್ನ ಅರ್ಧ ಬೆಳ್ಳಗಿದೆ, ಇನ್ನರ್ಧ ನನ್ನ ಮುಖದಷ್ಟು ಕಪ್ಪು. ಸುಳ್ಳಲ್ಲ, ಈ ಸಲ ಯಜಮಾನರಿಗೂ ವ್ಯತ್ಯಾಸ ಕಂಡಿತು. ಹೊಲದಲ್ಲಿ ಬೇಕೆಂದೇ ಹೆಚ್ಚು ಬೆವರುತ್ತಿದ್ದೇನೆ, ಎಲ್ಲ ನಿನ್ನ ಓದಿಗೆ.

ಒಂದು ತೊಂದರೆಯನ್ನು ನೀನು ಯೋಚಿಸಿರಲಿಲ್ಲ. ಉಡಿದಾರ ಬಿಚ್ಚಿದರೆ ಪಂಚೆಗೆ ಆಧಾರವಿಲ್ಲ. ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡೇ ಕೂರಬೇಕು. ನಿಮ್ಮಮ್ಮ ಟೀ ತಂದಾಗ ತೆಗೆದುಕೊಳ್ಳಲು ಕೈ ಇರಲಿಲ್ಲ. ಬೇಕರಿಯವನು ಈ ಸೋಮವಾರವೂ ಬಂದು ನಿಂತು ನೋಡಿದ. ಏಳಬಾರದು ಎಂದು ನೀನು ಕಟ್ಟಳೆ ಮಾಡುವುದೇ ಬೇಡವಾಗಿತ್ತು.

ನಿನ್ನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ನಿಮ್ಮಪ್ಪ ಹೇಳಿದ. ಇರಲಿ. ನಮ್ಮ ತಪ್ಪಿಗೆ ನೀನು ಆರು ತಿಂಗಳು ಟ್ಯೂಷನ್ ಹೇಳಬೇಕಾಗಿದೆ. ಅದನ್ನು ನಾನು ಮರೆಯುವುದಿಲ್ಲ.

ನಿನ್ನೆ ಮಾತ್ರ ಒಂದು ಯೋಚನೆ ಬಂತು. ಡಿಸೆಂಬರಿಗೆ ನಿನ್ನ ಅಧ್ಯಾಯ ಮುಗಿಯುತ್ತದೆ. ಮುಗಿದ ಮೇಲೆ? ಧೈರ್ಯ ಮಾಡಿ ಕೇಳಿಯೇಬಿಟ್ಟೆ: “ಪರೀಕ್ಸೆ ಮುಗುದ್ ಮ್ಯಾಲೆ ನಾನು ಬರ್ಬೇಕಾ, ಬ್ಯಾಡ್ವಾ?” ಇಷ್ಟು ವರ್ಷದಲ್ಲಿ ನಾನು ಪಾತ್ರೆ ಪಡಗ ಅಡ್ಡ ಇಟ್ಟುಕೊಳ್ಳದೆ ಅವನನ್ನು ಕೇಳಿದ ಮೊದಲ ಮಾತು ಅದು. ಕೊನೆ ಬಸ್ಸಿಗೆ ಹೊತ್ತಾಗಿತ್ತು, ಉಡಿದಾರದ ಮೇಲಿನ ಹನಿ ಆಗಲೇ ಒಣಗಿತ್ತು, ಇಬ್ಬರೂ ನೋಡಿದ್ದೆವು. ನಿಮ್ಮಪ್ಪ ಬೆರಳನ್ನು ಚೊಂಬಿಗೆ ಅದ್ದಿ ಹೊಸದಾಗಿ ಒಂದು ಹನಿ ಬಿಟ್ಟ. “ಇದು ಒಣಗೋಗಂಟ ಕೂತ್ಕೊ” ಅಂದ. ಅದು ಒಣಗುವುದರೊಳಗೆ ಇನ್ನೊಂದು ಬಿಟ್ಟ.

ಕೊನೆ ಬಸ್ಸು ಹೋಯಿತು. ರಾತ್ರಿ ನಿಮ್ಮ ಮನೆಯಲ್ಲೇ ಮಲಗಿ ಬೆಳಿಗ್ಗೆ ಬಂದೆ.

ಇಂತಿ ನಿನ್ನ ಮಾಮ,
ಚಲುವಯ್ಯ